ಅಜ್ಜಿ ಹತ್ರ

ಕಚೇರಿಯಿಂದ ಬಂದವರನ್ನು ಬಿಟ್ಟರೆ ಸುರಂಗದಲ್ಲಿ ಅವಳನ್ನು ಯಾರೂ ಮೇಡಂ ಎನ್ನುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಕಲ್ಲಕ್ಕ. ಬಂಡೆ ಸಿಡಿಸಿ ಹೊಗೆ ಹೋದ ಮೇಲೆ ಎಲ್ಲರಿಗಿಂತ ಮೊದಲು ಒಳಗೆ ನಡೆದು, ಹೊಸದಾಗಿ ತೆರೆದುಕೊಂಡ ಕಲ್ಲಿನ ಮುಖವನ್ನು ಸುತ್ತಿಗೆಯಿಂದ ತಟ್ಟಿ, ಇದು ನಿಲ್ಲುತ್ತದೋ ಬೀಳುತ್ತದೋ ಎಂದು ಹೇಳುವುದು ಅವಳ ಕೆಲಸ. ಟಣ್ ಎಂದರೆ ಗಟ್ಟಿ, ದಪ್ ಎಂದರೆ ಪೊಳ್ಳು. ಎರಡೆರಡು ಪದವಿ ಮಾಡಿಕೊಂಡು ಕೊನೆಗೆ ಮಡಕೆ ಕೊಳ್ಳುವವರ ಹಾಗೆ ತಟ್ಟಿ ನೋಡುವ ಕೆಲಸ ಸಿಕ್ಕಿತಲ್ಲ ಎಂದು ಅವಳೇ ತಮಾಷೆ ಮಾಡಿಕೊಳ್ಳುತ್ತಿದ್ದಳು. ಆದರೆ ಒಳಗೊಳಗೆ ಅವಳಿಗೆ ಆ ಕೆಲಸದ ಮೇಲೆ ಹೆಮ್ಮೆ ಇತ್ತು, ಸ್ವಲ್ಪ ಜಾಸ್ತಿಯೇ ಇತ್ತು.

ರೈಲು ಹೋಗಲೆಂದು ಕೊರೆಯುತ್ತಿದ್ದ ಆ ಸುರಂಗ ಮಾಮೂಲಿ ಗುಡ್ಡದ ಸುರಂಗವಾಗಿರಲಿಲ್ಲ. ಪ್ರತಿ ಖಂಡದ ನಡುವೆಯೂ ಒಂದು ಹಳೆಯ ಗಟ್ಟಿ ತಿರುಳು ಇರುತ್ತದೆ. ಪುಸ್ತಕದವರು ಅದನ್ನು ಕ್ರೇಟಾನ್ ಎನ್ನುತ್ತಾರೆ. ಮುನ್ನೂರು ಕೋಟಿ ವರ್ಷಗಳಿಂದ ಅದು ಕೂತಲ್ಲೇ ಕೂತಿದೆ. ಸುತ್ತಲಿನ ನೆಲ ಕರಗಲಿ, ಮಡಚಿಕೊಳ್ಳಲಿ, ಬೆಟ್ಟವಾಗಿ ಎದ್ದು ಮತ್ತೆ ಸವೆದು ಹೋಗಲಿ, ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬ ಗತ್ತು ಅದರದು. ಆಮೇಲೆ ಹುಟ್ಟಿದ ಕಲ್ಲುಗಳೆಲ್ಲ ಬಂದು ಅದರ ಅಂಚಿಗೆ ಒತ್ತಿ, ಉಜ್ಜಿ, ಸೋತು ಅಲ್ಲೇ ನಿಂತಿವೆ. ಆ ಅಂಚೇ ಅಪಾಯದ ಜಾಗ. ಅಲ್ಲಿ ಕಲ್ಲು ಕಲ್ಲಾಗಿ ಉಳಿದಿರುವುದಿಲ್ಲ, ಅರೆದ ಹಿಟ್ಟಿನಂತಾಗಿರುತ್ತದೆ. ಕೈಯಲ್ಲಿ ಹಿಡಿದರೆ ಜಾರುವ ಜೇಡಿ, ಸಂದುಗೊಂದಿನಿಂದ ಜಿನುಗುವ ನೀರು. ಸುರಂಗ ಈಚಿನ ಕಲ್ಲಿನಿಂದ ಹೊರಟು ಆ ಅಂಚನ್ನು ದಾಟಿ ಹಳೆಯ ತಿರುಳಿನೊಳಗೆ ಹೋಗಬೇಕಿತ್ತು.

ಇಷ್ಟನ್ನೆಲ್ಲ ಕೆಲಸದವರಿಗೆ ಹೇಗೆ ಹೇಳುವುದು ಎಂದು ತಲೆ ಕೆಡಿಸಿಕೊಂಡು, ಅವಳೇ ಒಂದು ದಾರಿ ಹುಡುಕಿದ್ದಳು. ಹಳೆಯ ಕಲ್ಲಿಗೆ ಅಜ್ಜಿ ಎಂದು ಹೆಸರಿಟ್ಟಳು, ಈಚಿನ ಕಲ್ಲಿಗೆ ಸೊಸೆ. ನಡುವಿನ ಅಂಚು ಜಗಳ. ಅಜ್ಜಿ ಅಲುಗಲ್ಲ, ಸೊಸೆ ಸುಮ್ಮನಿರಲ್ಲ, ನಡುವೆ ಸಿಕ್ಕವರು ಹಿಟ್ಟಾಗ್ತಾರೆ ಎಂದು ಅವಳು ಮೊದಲ ಸಲ ಹೇಳಿದಾಗ ಕೆಲಸದವರು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಅಂದಿನಿಂದ ಅವಳು ಬೆಳಿಗ್ಗೆ ಪಾಳಿಯವರಿಗೆ ಸೂಚನೆ ಕೊಡುವಾಗಲೆಲ್ಲ ಇದೇ ಮಾತು. ಜಗಳ ಶುರುವಾಗಿದೆ, ಹುಷಾರು. ಜಗಳ ಮುಗೀತಾ ಬಂತು. ಕೊನೆಗೊಂದು ದಿನ ಸುತ್ತಿಗೆ ಟಣ್ ಎಂದಾಗ ಅವಳು ಹಿಂದಿರುಗಿ ನೋಡಿ, ಅಜ್ಜಿ ಮನೆಗೆ ಬಂದ್ವಿ ಕಣ್ರೋ ಎಂದಳು. ಅಲ್ಲಿಂದ ಮುಂದೆ ಕೊರೆದದ್ದೆಲ್ಲ ಕಬ್ಬಿಣದಂಥ ಕಲ್ಲು. ಆಸರೆಯೇ ಬೇಡ ಎನ್ನುವಷ್ಟು ಗಟ್ಟಿ.

ತಾನು ಇಟ್ಟ ಹೆಸರು ಊರ ಬಾಯಿಗೆ ಬಿತ್ತು ಎಂದು ಅವಳು ನಂಬಿದ್ದಳು. ಎದುರಿಗೆ ನಕ್ಕವರು ಹಿಂದೆಯೂ ಅದೇ ಮಾತಾಡುತ್ತಾರೆ ಎಂದು ಓದಿದವರು ಅಂದುಕೊಳ್ಳುವುದುಂಟು. ಕೆಲಸದವರು ಸೂಚನೆಗೆ ತಲೆಯಾಡಿಸುತ್ತಿದ್ದರು, ನಗುತ್ತಿದ್ದರು, ಒಳಗೆ ಹೋದ ಮೇಲೆ ಅವರ ಮಾತು ಅವರದು, ಒಂದೊಂದು ಪಾಳಿಗೆ ಒಂದೊಂದು.

ಆ ಕೆಲಸದವರಲ್ಲಿ ಅವಳ ತಮ್ಮನೂ ಒಬ್ಬ. ಬಂಡೆ ಕೊರೆಯುವ ಯಂತ್ರ ನಡೆಸುತ್ತಿದ್ದ, ಒಂದು ಪಾಳಿಗೆ ಅವನೇ ಮುಂದಾಳು. ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಿ ನಡೆಯಬೇಕಾದಷ್ಟು ಎತ್ತರವಾಗಿದ್ದರಿಂದ ಎಲ್ಲರೂ ಅವನನ್ನು ಉದ್ದಣ್ಣ ಎನ್ನುತ್ತಿದ್ದರು. ಅಮ್ಮ ಹೋದಾಗ ಅವನಿನ್ನೂ ಚಡ್ಡಿ ಹಾಕುವ ವಯಸ್ಸು. ಅವನ ತಲೆ ಬಾಚಿ ಶಾಲೆಗೆ ಕಳಿಸಿದ್ದು ಅಕ್ಕನೇ. ಸುರಂಗದಲ್ಲಿ ಕೆಲಸ ಕೊಡಿಸಿದ್ದೂ ಅವಳೇ. ನಾನೇ ಕಲ್ಲು ನೋಡೋಳು, ನನ್ನ ಕಣ್ಣೆದುರಿಗೇ ಇರ್ತಾನೆ ಬಿಡು, ಎಂದು ಅವನ ಹೆಂಡತಿಗೆ ಮಾತು ಕೊಟ್ಟಿದ್ದಳು. ಆ ಮಾತಿನ ಮೇಲೆ ಆ ಹೆಂಗಸು ಗಂಡನನ್ನು ನೆಲದೊಳಗೆ ಕಳಿಸಲು ಒಪ್ಪಿದ್ದು.

ಕಲ್ಲಕ್ಕನ ಊಟ ಹೆಚ್ಚಾಗಿ ತಮ್ಮನ ಮನೆಯಲ್ಲೇ. ಕೆಲಸದವರಿಗೆಂದು ಸಾಲಾಗಿ ಕಟ್ಟಿದ ತಗಡಿನ ಮನೆಗಳಲ್ಲಿ ಅದು ಕೊನೆಯದು. ಒಂದು ಕೋಣೆ, ಒಂದು ಅಡುಗೆಮನೆ, ಗೋಡೆಗೆ ಆತು ನಿಂತ ಮಡಚುವ ಮೇಜು. ಒಂದು ದಿನ ತಮ್ಮ ಕೈ ತೊಳೆದು ಬಂದವನೇ, ಅಜ್ಜಿಗೆ ಇವತ್ತು ಮೈ ಸರಿ ಇಲ್ಲ, ಬೆಳಿಗ್ಗೆಯಿಂದ ಒಂದೇ ಸಮ ಕೆಮ್ಮು, ಎಂದ. ಹೆಂಡತಿ ನಕ್ಕಳು. ಕಲ್ಲಕ್ಕ ನಗಲಿಲ್ಲ. ಗಟ್ಟಿ ಕಲ್ಲು ಒಮ್ಮೊಮ್ಮೆ ಒಳಗಿನ ಒತ್ತಡಕ್ಕೆ ಚಟಪಟ ಸದ್ದು ಮಾಡುವುದುಂಟು, ಅದು ಒಳ್ಳೆಯದಲ್ಲ. ಮಾರನೆಯ ದಿನ ಹೋಗಿ ಹಳೆಯ ಕಲ್ಲನ್ನು ಅಂಗುಲ ಅಂಗುಲ ತಟ್ಟಿ ನೋಡಿದಳು. ಏನೂ ಇರಲಿಲ್ಲ. ಸುಮ್ಮಸುಮ್ಮನೆ ಹೆದರಿಸ್ತೀಯಲ್ಲೋ ಎಂದು ತಮ್ಮನಿಗೆ ಬೈದಳು. ಅವನು ಏನೋ ಹೇಳಹೊರಟ, ಅಷ್ಟರಲ್ಲಿ ಯಂತ್ರ ಶುರುವಾಯಿತು, ಮಾತು ಅಲ್ಲಿಗೇ ನಿಂತಿತು.

ಇನ್ನೊಂದು ದಿನ ಊಟಕ್ಕೆ ಕೂತಾಗ ಹೆಂಡತಿ ಅವನ ಬರಿ ಕುತ್ತಿಗೆ ನೋಡಿ, ತಾನು ಹೆಣೆದುಕೊಟ್ಟ ಕೆಂಪು ಮಫ್ಲರ್ ಎಲ್ಲಿ ಎಂದು ಕೇಳಿದಳು.

"ಅಜ್ಜಿಗೆ ಸುತ್ತಿ ಬಂದೆ," ಎಂದ ಅವನು. "ಪಾಪ, ಚಳಿ ಅವಳಿಗೆ."

ಇಬ್ಬರು ಹೆಂಗಸರೂ ನಕ್ಕರು. ಕಲ್ಲಕ್ಕನ ಕಣ್ಣಿಗೆ ಕಂಡದ್ದು ಕಲ್ಲಿಗೆ ಬಡಿದ ಕಬ್ಬಿಣದ ಮೊಳೆಗೆ ನೇತುಬಿದ್ದ ಕೆಂಪು ಮಫ್ಲರ್. ಹೆಂಡತಿಗೆ ಕಂಡದ್ದು ಬೇರೆ. ಒಂದೇ ಮಾತಿಗೆ, ಒಂದೇ ಮೇಜಿನ ಮುಂದೆ, ಇಬ್ಬರೂ ಮನಸಾರೆ ನಕ್ಕರು.

ಸುರಂಗ ಕುಸಿದದ್ದು ಒಂದು ಬೆಳಿಗ್ಗೆ, ಬಿಸಿಲು ಚೆನ್ನಾಗಿ ಏರಿದ ಹೊತ್ತಿನಲ್ಲಿ. ಕಲ್ಲಕ್ಕ ಹೊರಗೆ ಕಚೇರಿಯಲ್ಲಿ ನಕ್ಷೆಗೆ ಬಣ್ಣ ತುಂಬುತ್ತಿದ್ದಳು. ಮೊದಲು ಸದ್ದು ಬರಲಿಲ್ಲ, ಗಾಳಿ ಬಂತು; ಸುರಂಗದ ಬಾಯಿಂದ ಧೂಳು ಹೊತ್ತ ಒಂದು ದೊಡ್ಡ ಉಸಿರು. ಕಾಗದಗಳೆಲ್ಲ ಹಾರಿದವು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಜಗಳದ ಜಾಗ ಬಿದ್ದಿತ್ತು. ಕಬ್ಬಿಣದ ಕಮಾನುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಕಾಂಕ್ರೀಟ್ ಸುರಿದು, ಇನ್ನು ಪರವಾಗಿಲ್ಲ ಎಂದು ಎಲ್ಲರೂ ಉಸಿರು ಬಿಟ್ಟಿದ್ದ ಜಾಗ. ಅಂಚು ಎಂಬುದು ದಾಟಿದ ಮೇಲೂ ಬೆನ್ನ ಹಿಂದೆ ಇದ್ದೇ ಇರುತ್ತದೆ ಎಂಬುದು ಆ ಹೊತ್ತಿಗೆ ಎಲ್ಲರಿಗೂ ಮರೆತುಹೋಗಿತ್ತು. ಒಳಗೆ ಐದು ಜನ, ಉದ್ದಣ್ಣನ ಪಾಳಿ.

ಕುಸಿತದ ಬೆನ್ನಿಗೇ ಒಳಗಿನ ಫೋನ್ ಒಮ್ಮೆ ಬಡಿದುಕೊಂಡಿತು. ಬಾಗಿಲ ಬಳಿಯ ಕಾವಲಿನವನು ಎತ್ತಿದ. ದನಿ ಉದ್ದಣ್ಣನದಲ್ಲ, ಜೊತೆಯ ಯಾರದೋ, ಯಾರದೆಂದು ಅವನಿಗೆ ಗುರುತಾಗಲಿಲ್ಲ. ಐದೂ ಜನ ಇದೀವಿ, ಅಜ್ಜಿ ಹತ್ರ ಇದೀವಿ, ಬೇಗ ಬನ್ನಿ. ಅಷ್ಟಕ್ಕೆ ತಂತಿ ಸತ್ತಿತು.

ಐದೂ ಜನ ಇದ್ದಾರೆ. ಆ ಒಂದು ಮಾತಿಗೆ ಹೊರಗೆ ನಿಂತವರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು. ಆದರೆ ಎಲ್ಲಿದ್ದಾರೆ ಎಂಬುದನ್ನು ಈಗಲೇ ತೀರ್ಮಾನಿಸಬೇಕಿತ್ತು. ಕುಸಿದ ಮಣ್ಣನ್ನು ಬಾಗಿಲಿನಿಂದ ತೋಡುತ್ತ ಹೋದರೆ ವಾರಗಟ್ಟಲೆ ಬೇಕು. ಅದಕ್ಕೆ ಮುಂಚೆ ಗುಡ್ಡದ ಮೇಲಿನಿಂದ ನೇರ ಕೆಳಗೆ ಒಂದು ತೂತು ಕೊರೆದು ಗಾಳಿ, ನೀರು, ಆಹಾರ ಇಳಿಸಬೇಕು. ಅದೇ ತೂತನ್ನು ಅಗಲ ಮಾಡಿ ಒಬ್ಬೊಬ್ಬರನ್ನಾಗಿ ಮೇಲೆಳೆಯಬಹುದು. ಕೊರೆಯುವ ಯಂತ್ರ ಇದ್ದದ್ದು ಒಂದೇ. ಇನ್ನೊಂದನ್ನು ದೂರದಿಂದ ತರಿಸಲು ವಾರ ಹಿಡಿಯುತ್ತಿತ್ತು.

ಕುಸಿದ ಜಾಗದಾಚೆ ಮನುಷ್ಯರು ಉಳಿಯಬಹುದಾದ ಜಾಗಗಳು ಎರಡು. ಒಂದು, ಸುರಂಗದ ಮುಂತುದಿ, ಹಳೆಯ ಕಲ್ಲಿನೊಳಗಿನ ಭಾಗ. ಇನ್ನೊಂದು, ಅಂಚಿನ ನಡುವೆಯೇ ಪಕ್ಕಕ್ಕೆ ತೋಡಿದ ಪಂಪಿನ ಕೋಣೆ. ಜಿನುಗುವ ನೀರನ್ನು ಹೊರಹಾಕುವ ಹಳೆಯ ಪಂಪು ಅಲ್ಲಿತ್ತು. ಸುತ್ತ ದಪ್ಪ ಕಾಂಕ್ರೀಟ್ ಗೋಡೆ. ಫೋನ್ ಎರಡೂ ಕಡೆ ಇತ್ತು, ಒಂದೇ ತಂತಿಗೆ. ಮುಖ್ಯ ಎಂಜಿನಿಯರರಿಗೆ ಪಂಪಿನ ಕೋಣೆಯ ಮೇಲೆ ಮನಸ್ಸು. ಊಟದ ಹೊತ್ತು ಹತ್ತಿರವಾಗಿತ್ತು, ಹೊರಡುತ್ತ ಅಲ್ಲಿ ನೀರು ನೋಡಲು ನಿಂತಿರಬಹುದು ಎಂದು ಅವರ ಲೆಕ್ಕ.

"ಅಜ್ಜಿ ಅಂದ್ರೆ ಹಳೇ ಕಲ್ಲು, ಸರ್," ಎಂದಳು ಕಲ್ಲಕ್ಕ. "ಆ ಹೆಸರು ಇಟ್ಟಿದ್ದೇ ನಾನು."

ಎಂಜಿನಿಯರ್ ಅವಳ ಮುಖವನ್ನೇ ನೋಡಿದರು. ಖಚಿತವಾಗಿ ಹೇಳ್ತೀರಾ ಎಂದು ಇನ್ನೊಮ್ಮೆ ಕೇಳಿದರು. ಒಳಗಿರೋನು ನನ್ನ ತಮ್ಮ ಸರ್ ಎಂದಳು ಅವಳು. ಆ ಮಾತಿಗೆ ಎದುರು ಹೇಳುವ ಧೈರ್ಯ ಯಾರಿಗಿದ್ದೀತು? ಯಂತ್ರವನ್ನು ಮುಂತುದಿಯ ನೆತ್ತಿಗೆ ಎಳೆದುಕೊಂಡು ಹೋದರು.

ಅವಳಿಗೆ ಆಸೆಯೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಮುಂತುದಿ ಸ್ವಲ್ಪ ಎತ್ತರದಲ್ಲಿದೆ, ನೀರು ಅಲ್ಲಿಗೆ ಏರುವುದಿಲ್ಲ. ಕಲ್ಲು ಮುನ್ನೂರು ಕೋಟಿ ವರ್ಷ ನಿಂತದ್ದು ಇನ್ನು ನಾಲ್ಕು ದಿನ ನಿಲ್ಲುವುದಿಲ್ಲವೇ? ಪಂಪಿನ ಕೋಣೆಯಲ್ಲಾದರೆ ವಿದ್ಯುತ್ ಹೋಗಿ ಪಂಪು ನಿಂತಿದೆ, ನೀರು ಮೆಲ್ಲಗೆ ತುಂಬುತ್ತಿರುತ್ತದೆ. ತಮ್ಮ ಎಲ್ಲಿದ್ದರೆ ಬದುಕುತ್ತಾನೋ ಅಲ್ಲೇ ಇದ್ದಾನೆ ಎಂದು ಅವಳ ಮನಸ್ಸು ಹಟ ಹಿಡಿದಿತ್ತು, ಆ ಹಟಕ್ಕೆ ಅಜ್ಜಿ ಎಂಬ ಮಾತು ಸಿಕ್ಕಿತ್ತು.

ಒಳಗೆ ಸಿಕ್ಕವರ ಮನೆಯವರಿಗಾಗಿ ರಸ್ತೆಯ ಆಚೆ ಒಂದು ಡೇರೆ ಹಾಕಿ, ಸುತ್ತ ಹಗ್ಗ ಕಟ್ಟಿದ್ದರು. ತಮ್ಮನ ಹೆಂಡತಿಯೂ ಅಲ್ಲೇ ಇದ್ದಳು. ಫೋನಿನಲ್ಲಿ ಮಾತು ಬಂದಿದೆ, ಎಲ್ಲರೂ ಗಟ್ಟಿ ಜಾಗದಲ್ಲಿದ್ದಾರೆ ಎಂದಷ್ಟೇ ಅವರಿಗೆ ತಿಳಿಸಲಾಯಿತು. ಪೂರ್ತಿ ಹೇಳುವುದು ಬೇಡ, ಒಂದೊಂದು ಮಾತಿಗೂ ಒಬ್ಬೊಬ್ಬರು ಒಂದೊಂದು ಅರ್ಥ ಕಟ್ಟಿ ಕಂಗಾಲಾಗುತ್ತಾರೆ ಎಂದು ಸಲಹೆ ಕೊಟ್ಟವಳು ಕಲ್ಲಕ್ಕನೇ. ಅವಳು ಡೇರೆಯ ಕಡೆ ಹೋಗಲಿಲ್ಲ. ತಮ್ಮನನ್ನು ಕರೆದುಕೊಂಡೇ ಅವಳ ಮುಂದೆ ನಿಲ್ಲುತ್ತೇನೆ ಎಂದುಕೊಂಡಿದ್ದಳು. ದೂರದಿಂದ ಒಂದೆರಡು ಸಲ ಕಣ್ಣಿಗೆ ಕಣ್ಣು ಕೂಡಿದಾಗ ಕೈ ಎತ್ತಿ, ಆಗುತ್ತೆ, ಇನ್ನೇನು ಆಗುತ್ತೆ ಎಂಬಂತೆ ಸನ್ನೆ ಮಾಡಿದಳು. ತಮ್ಮನ ಹೆಂಡತಿಯೂ ಅಲ್ಲಿಂದಲೇ ತಲೆಯಾಡಿಸಿದಳು.

ಹಳೆಯ ಕಲ್ಲು ಸುಲಭಕ್ಕೆ ದಾರಿ ಬಿಡುವಂಥದಲ್ಲ. ಕೊರೆಯುವ ಹಲ್ಲು ಸವೆದು ಸವೆದು ಬದಲಾಯಿಸಬೇಕಾಯಿತು. ಇಷ್ಟು ಗಟ್ಟಿಯಾಗಿದೆ ಎಂದು ಯಂತ್ರದವರು ಶಾಪ ಹಾಕಿದಷ್ಟೂ ಕಲ್ಲಕ್ಕನಿಗೆ ಸಮಾಧಾನ. ಮೂರನೆಯ ದಿನ ಮಧ್ಯಾಹ್ನ ಹಲ್ಲು ಟೊಳ್ಳಿಗೆ ಇಳಿಯಿತು. ಕ್ಯಾಮರಾ ಬಿಟ್ಟರು. ಪುಟ್ಟ ಪರದೆಯ ಸುತ್ತ ಎಲ್ಲರೂ ಬಗ್ಗಿದರು.

ಅಜ್ಜಿ ನಿಂತಿದ್ದಳು. ಒಂದು ಚೂರೂ ಉದುರಿರಲಿಲ್ಲ. ಒಣ ನೆಲ, ನೆಟ್ಟಗಿನ ಗೋಡೆ, ನಡುವೆ ಉದ್ದಣ್ಣನ ಯಂತ್ರ, ಅದರ ಆಸನದ ಮೇಲೆ ಬಿಚ್ಚಿಟ್ಟ ಒಂದು ಜೊತೆ ಕೈಗವಸು. ಇನ್ನೂರು ಜನ ತಿಂಗಳುಗಟ್ಟಲೆ ಇರಬಹುದಾದಂಥ ಜಾಗ. ಕ್ಯಾಮರಾ ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು. ಒಂದು ನರಪಿಳ್ಳೆಯೂ ಇರಲಿಲ್ಲ.

ಕಲ್ಲಕ್ಕ ಅಲ್ಲಿಂದ ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ನೇರ ಡೇರೆಗೆ ಹೋದಳು. ತಮ್ಮನ ಹೆಂಡತಿ ಎದ್ದು ನಿಂತಳು. ಸಿಕ್ಕರಾ ಎಂದು ಅವಳು ಕೇಳಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ಫೋನಿನಲ್ಲಿ ಏನಂದರು ಅತ್ತಿಗೆ, ಅಂದ ಹಾಗೇ ಹೇಳಿ, ಎಂದಳು. ಕಲ್ಲಕ್ಕ ಹೇಳಿದಳು.

"ಪಂಪ್ ಹತ್ರ ಇದಾರೆ ಅಂತ ಅಲ್ವಾ ಅದು?" ಎಂದಳು ಆ ಹೆಂಗಸು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಇಷ್ಟು ಸಣ್ಣ ವಿಷಯ ಇವರಿಗೆ ಗೊತ್ತಿಲ್ಲವೇ ಎಂಬ ಬೆರಗು. "ಆ ಹಳೇ ಪಂಪು ಯಾವಾಗ್ಲೂ ಕೆಮ್ಮುತ್ತಲ್ಲ, ಅದಕ್ಕೇ ಅಲ್ವಾ ಇವರ ಪಾಳಿಯವರೆಲ್ಲ ಅಜ್ಜಿ ಅನ್ನೋದು."

ಕಾಲ ಕೆಳಗಿನ ನೆಲ ಕುಸಿಯಿತು ಎಂದು ನಾವು ಸಲೀಸಾಗಿ ಬರೆದುಬಿಡುತ್ತೇವೆ. ನೆಲ ಕುಸಿಯುವುದು ಹೇಗೆಂದು ಬಲ್ಲ ಕಲ್ಲಕ್ಕನಿಗೆ ಅಂಥದ್ದೇನೂ ಆಗಲಿಲ್ಲ. ನೆಲ ಇದ್ದಲ್ಲೇ ಇತ್ತು. ಕೆಮ್ಮು, ಮೈ ಸರಿ ಇಲ್ಲ, ಚಳಿ ಅವಳಿಗೆ, ಎಲ್ಲವೂ ಒಂದರ ಹಿಂದೆ ಒಂದು ನೆನಪಾಗಿ, ಒಂದೊಂದೂ ಪಂಪಿನ ಹತ್ತಿರ ಹೋಗಿ ನಿಂತವು. ಸುರಂಗದಲ್ಲಿ ಅಜ್ಜಿಯರು ಇಬ್ಬರಿದ್ದರು. ಒಬ್ಬಳು ಅವಳ ನಾಲಿಗೆಯ ಮೇಲೆ ಮಾತ್ರ ಇದ್ದವಳು. ಕಲ್ಲಕ್ಕ ಓಡಿದಳು.

ಯಂತ್ರವನ್ನು ಬಿಚ್ಚಿ, ಇಳಿಜಾರಿನಲ್ಲಿ ಇಳಿಸಿ, ಪಂಪಿನ ಕೋಣೆಯ ನೆತ್ತಿಯ ಮೇಲೆ ಮತ್ತೆ ಜೋಡಿಸುವ ಹೊತ್ತಿಗೆ ಒಂದು ದಿನ ಹೋಯಿತು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗಟ್ಟಿ ಕಲ್ಲಿನಲ್ಲಿ ಹಲ್ಲು ಸವೆದಿತ್ತು. ಇಲ್ಲಿ ಹಿಟ್ಟಿನಂಥ ಕಲ್ಲಿನಲ್ಲಿ ಹಲ್ಲು ಹೂತುಕೊಳ್ಳುತ್ತಿತ್ತು. ಕೊರೆದ ತೂತು ಹಿಂದೆಯೇ ಮುಚ್ಚಿಕೊಳ್ಳುತ್ತಿತ್ತು. ಕೊಳವೆ ಇಳಿಸಿ, ಮತ್ತೆ ಕೊರೆದು, ಮತ್ತೆ ಕೊಳವೆ ಇಳಿಸಿ. ಕಲ್ಲಕ್ಕ ಯಂತ್ರದ ಪಕ್ಕದಲ್ಲೇ ಕೂತಿದ್ದಳು. ಯಾರೋ ತಂದುಕೊಟ್ಟ ಚಹಾ ಕೈಯಲ್ಲೇ ತಣ್ಣಗಾಯಿತು. ದೇವರನ್ನು ನಂಬದವಳು ಯಾರ್ಯಾರನ್ನೋ ಬೇಡಿಕೊಂಡಳು. ಕಲ್ಲನ್ನೂ ಬೇಡಿಕೊಂಡಳು.

ಎರಡನೆಯ ಸಲ ಕ್ಯಾಮರಾ ಇಳಿದಾಗ ಅವಳು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಕಾಂಕ್ರೀಟ್ ಗೋಡೆ ಬಿದ್ದಿರಲಿಲ್ಲ. ಕೋಣೆಯ ಎರಡೂ ಬದಿಯಲ್ಲಿ ಸುರಂಗ ಮುಚ್ಚಿಹೋಗಿ, ಆ ಐದು ಜನಕ್ಕೆ ಅದೊಂದೇ ಉಳಿದಿತ್ತು. ಕೆಳಗೆ ನೀರು, ಕದಡಿದ ಮಂದ ನೀರು. ಅದರಿಂದ ಮೇಲೆದ್ದ ಪಂಪಿನ ತಲೆ, ಅದರ ಕತ್ತಿಗೆ ಎರಡು ಸುತ್ತು ಸುತ್ತಿದ ಕೆಂಪು ಮಫ್ಲರ್. ಅವಳು ಹೆಸರು ಹಿಡಿದು ಕೂಗಿದಳು, ಕೊಳವೆಯೊಳಗೆ ಬಾಯಿಟ್ಟು ಕೂಗಿದಳು, ಅವನು ಚಿಕ್ಕವನಿದ್ದಾಗ ಶಾಲೆಗೆ ಹೊತ್ತಾಯಿತೆಂದು ಎಬ್ಬಿಸುತ್ತಿದ್ದ ಹಾಗೆ ಕೂಗಿದಳು. ಮುಖ್ಯ ಎಂಜಿನಿಯರರೇ ಬಂದು ಭುಜ ಹಿಡಿದು ಅವಳನ್ನು ಈಚೆ ಎಳೆದರು.

ಐವರ ದೇಹಗಳನ್ನೂ ಮೇಲೆ ತಂದ ಮೇಲೆ ವೈದ್ಯರು ನೋಡಿದರು. ನೀರು ನಿಧಾನವಾಗಿ ಏರಿದೆ, ಪಂಪಿನ ಮೇಲೆ ಹತ್ತಿ ನಿಂತಿದ್ದಾರೆ, ಕೊನೆಗೆ ಕೆಟ್ಟ ಗಾಳಿ ಕೆಳಗಿನಿಂದ ಮೇಲಕ್ಕೆ ತುಂಬಿ ಉಸಿರುಕಟ್ಟಿ ಹೋಗಿದ್ದಾರೆ ಎಂದರು. ಯಾವಾಗ ಎಂದು ಕಲ್ಲಕ್ಕ ಕೇಳಿದಳು. ಕೇಳಬೇಡ ಎಂದು ಪಕ್ಕದವರು ಕೈ ಹಿಡಿದರೂ ಕೇಳಿದಳು. ಕ್ಯಾಮರಾ ಇಳಿಯುವ ಹಿಂದಿನ ದಿನ ಬೆಳಿಗ್ಗೆ ತನಕ ಇದ್ದಿರಬೇಕು ಎಂದರು ವೈದ್ಯರು. ಎತ್ತರವಿದ್ದವನು ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಇದ್ದಿರಬೇಕು.

ಆಮೇಲೆ ವಿಚಾರಣೆ ನಡೆಯಿತು. ಅಂಥ ಹೊತ್ತಿನಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು, ತಪ್ಪು ಯಾರದೂ ಅಲ್ಲ ಎಂದು ತೀರ್ಮಾನವಾಯಿತು. ಅಂಚಿನಿಂದ ದೂರ ಸರಿಸಿ ಹೊಸ ದಾರಿ ಹಾಕುವ ಮಾತೂ ಬಂತು. ಅದಕ್ಕೆ ಅಂಚು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಗುರುತಿಸಿಕೊಡಿ ಎಂದು ಅವಳನ್ನೇ ಕೇಳಿದರು. ಅವಳು ನಕ್ಷೆಯ ಮುಂದೆ ಕೂತಳು. ಯಾವ ಕಲ್ಲು ಎಲ್ಲಿ ಮುಗಿದು ಯಾವುದು ಶುರುವಾಗುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದವಳ ಕೈ ಗೆರೆ ಎಳೆಯಲು ಏಳಲಿಲ್ಲ. ಪೆನ್ಸಿಲ್ ಇಟ್ಟು ಎದ್ದು ಬಂದಳು, ಮತ್ತೆ ಆ ಕಚೇರಿಗೆ ಹೋಗಲಿಲ್ಲ.

ತಗಡಿನ ಮನೆ ಖಾಲಿ ಮಾಡುವ ದಿನ ಅವಳು ತಮ್ಮನ ಹೆಂಡತಿಗೆ ಸಹಾಯಕ್ಕೆ ಹೋದಳು. ಆ ಹೆಂಗಸು ಬಾಗಿಲು ತೆರೆದಿಟ್ಟು ಒಳಗೆ ನಡೆದಳು. ಇಬ್ಬರೂ ಪಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದರು. ಅವನ ಅಂಗಿಗಳನ್ನು ಮಡಚಿದರು. ಎಲ್ಲ ಮುಗಿದ ಮೇಲೆ ಗೋಡೆಗೆ ಆತು ನಿಂತ ಮೇಜೊಂದೇ ಉಳಿಯಿತು, ಅದರ ಮೇಲೆ ಒಗೆದು ಒಣಗಿಸಿದ ಕೆಂಪು ಮಫ್ಲರ್. ಎಷ್ಟು ಒಗೆದರೂ ಅಂಚಿನ ಜೇಡಿಯ ಬಣ್ಣ ಹೋಗಿರಲಿಲ್ಲ.

ತಮ್ಮನ ಹೆಂಡತಿ ಮೇಜಿನ ಆ ಬದಿಗೆ ಕೂತಳು, ಅವತ್ತು ಊಟಕ್ಕೆ ಕೂತ ಜಾಗದಲ್ಲೇ.

"ಮಫ್ಲರ್ ಅಜ್ಜಿಗೆ ಸುತ್ತಿ ಬಂದೆ ಅಂದ್ರಲ್ಲ ಅವತ್ತು," ಎಂದಳು. "ನೀವೂ ನಕ್ರಿ, ನಾನೂ ನಕ್ಕೆ. ನೀವು ಯಾವ ಅಜ್ಜಿ ಅಂದ್ಕೊಂಡು ನಕ್ರಿ ಅತ್ತಿಗೆ?"

ಕಲ್ಲಕ್ಕ ಬಾಯಿ ತೆರೆದಳು. ಕಲ್ಲು ಎಂಬ ಎರಡಕ್ಷರ ಹೇಳುವ ಬದಲು ಮಫ್ಲರಿನ ಮೇಲಿನ ಜೇಡಿಯ ಕಲೆಯನ್ನು ಉಗುರಿನಿಂದ ಕೆರೆಯತೊಡಗಿದಳು. ಆ ಹೆಂಗಸು ಉತ್ತರಕ್ಕಾಗಿ ತುಂಬ ಹೊತ್ತು ಕಾದಳು. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಆಮೇಲೆ ಎದ್ದು ಮಫ್ಲರ್ ಮಡಚಿ ಚೀಲದಲ್ಲಿಟ್ಟುಕೊಂಡು, ಮೇಜಿನ ಕಾಲುಗಳನ್ನು ಮಡಚತೊಡಗಿದಳು.